ಬೆನ್ನ ಹಿಂದಿನ ಗಾಳಿ



ಗಾಳಿಯನ್ನು ಡಾಕ್ಟರೆಂದು ಕರೆಯುವ ಊರೊಂದರಲ್ಲಿ ಎರಡು ತಿಂಗಳಿದ್ದು ಬಂದವನು ನಾನು. ಆಸ್ಟ್ರೇಲಿಯಾ ಖಂಡದ ಪಶ್ಚಿಮ ತೀರದಲ್ಲಿ, ಸ್ವಾನ್ ನದಿ ಹಿಂದೂ ಮಹಾಸಾಗರವನ್ನು ಕೂಡುವೆಡೆಯಲ್ಲಿ ಫ್ರೀಮ್ಯಾಂಟಲ್ ಎಂಬ ರೇವುಪಟ್ಟಣವೂ, ಅಲ್ಲಿಂದ ನದಿಯ ಮೇಲ್ಗಡೆಗೆ ಸುಮಾರು 19 ಕಿಲೋಮೀಟರು ದೂರದಲ್ಲಿ ಪರ್ತ್ ನಗರವೂ ಇವೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಅಲ್ಲಿ ಕಡುಬೇಸಗೆ. ಬೆಳಗಿನ ಹೊತ್ತು ಪೂರ್ವದಿಕ್ಕಿನಿಂದ, ನೂರಾರು ಮೈಲಿ ಒಣನೆಲವನ್ನು ಹಾದು ಬರತಕ್ಕ ಗಾಳಿ ಒಲೆಯ ಉರಿಯಂತೆ ಮುಖಕ್ಕೆ ರಾಚುತ್ತದೆ. ಅದರ ಜೊತೆಗೆ ಕಣ್ಣು ಮೂಗುಗಳನ್ನೇ ಅರಸಿಕೊಂಡು ಬರುವ ನೊಣಗಳು ಬೇರೆ. ಇಂತಹ ಹಿಂಸೆಯನ್ನು ಮಧ್ಯಾಹ್ನದವರೆಗೆ ಸಹಿಸಿದ ಜನ, ಹನ್ನೆರಡೋ ಒಂದೋ ಎರಡೋ ಗಂಟೆಯ ಹೊತ್ತಿಗೆ ಕಡಲಿನಿಂದ ಏಳುವ ತಂಪುಗಾಳಿ ಮೈಗೆ ಸೋಕಿದೊಡನೆ ಮನೆಯ ಕಿಟಕಿಗಳನ್ನೆಲ್ಲ ತೆರೆದು, ಡಾಕ್ಟರು ಬಂದರೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಫ್ರೀಮ್ಯಾಂಟಲ್ ಡಾಕ್ಟರ್ ಎಂಬುದು ಆ ಗಾಳಿಯ ಪೂರ್ಣ ನಾಮಧೇಯ. ನಾನು ನೋಡಿದ ಒಂದು ಮಧ್ಯಾಹ್ನ ಕಾರಿನ ಉಷ್ಣಮಾಪಕದಲ್ಲಿ 37 ಇದ್ದ ಅಂಕೆ ಅರ್ಧ ಗಂಟೆಯೊಳಗೆ 28ಕ್ಕೆ ಇಳಿದಿತ್ತು. ಇಷ್ಟು ಬೇಗ ಗುಣ ಕಾಣಿಸುವ ವೈದ್ಯರು ನಮ್ಮ ಕಡೆ ಕಡಿಮೆ.

ಕ್ರಿಕೆಟ್ಟಿನ ವ್ಯಸನವುಳ್ಳ ಶ್ರೋತೃಗಳಿಗೆ ಈ ಹೆಸರು ಅಪರಿಚಿತವಾಗಿರಲಾರದು. ಪರ್ತಿನ ವಾಕಾ ಮೈದಾನದಲ್ಲಿ ಪಂದ್ಯ ನಡೆಯುವಾಗ, ಹಗಲೂಟದ ಮೇಲೆ ಬೀಸುವ ಈ ಗಾಳಿಗೆ ಎದುರಾಗಿ ಯಾರು ಬೌಲ್ ಮಾಡಬೇಕು, ಅದನ್ನು ಬೆನ್ನಿಗಿಟ್ಟುಕೊಂಡು ಯಾರು ಮಾಡಬೇಕು ಎಂಬುದು ನಾಯಕನಾದವನಿಗೆ ಒಂದು ದೊಡ್ಡ ಚಿಂತೆ. ನಮ್ಮ ಅನಿಲ್ ಕುಂಬ್ಳೆಯವರು 2008ರ ಜನವರಿ 17ರಂದು ತಮ್ಮ 600ನೆಯ ಟೆಸ್ಟ್ ವಿಕೆಟ್ಟನ್ನು ಪಡೆದದ್ದು ಅದೇ ಮೈದಾನದಲ್ಲಿ. ಸ್ಲಿಪ್ಪಿನಲ್ಲಿ ನಿಂತು ಕ್ಯಾಚು ಹಿಡಿದವರು ರಾಹುಲ್ ದ್ರಾವಿಡ್. ಎಸೆದವರೂ ಹಿಡಿದವರೂ ಬೆಂಗಳೂರಿನವರೇ ಆಗಿದ್ದುದರಿಂದ, ಆ ವಿಕೆಟ್ಟಿನಲ್ಲಿ ಗಾಳಿಗೂ ಒಂದು ಪಾಲುಂಟೆಂದು ಒಪ್ಪಲು ನನ್ನ ಮನಸ್ಸು ಸಿದ್ಧವಿಲ್ಲ.

ಆದರೆ ನಾನೀಗ ಹೇಳಹೊರಟಿರುವುದು ಕ್ರಿಕೆಟ್ಟಿನ ಮಾತಲ್ಲ. ಆ ಗಾಳಿಯನ್ನು ಬೆನ್ನಿಗಿಟ್ಟುಕೊಂಡು, ತೀರವನ್ನು ಬಲಗಡೆಗೆ ಬಿಟ್ಟು, ದಕ್ಷಿಣದಿಂದ ಉತ್ತರಕ್ಕೆ ಹಗುರವಾದೊಂದು ದೋಣಿಯಲ್ಲಿ ಹುಟ್ಟು ಹಾಕುತ್ತ ಹೋಗುವ ಮಾತು. ನನ್ನ ತಂಗಿಯ ಮಗನೊಬ್ಬ ಆ ಊರಿನಲ್ಲಿ ಇಂಜಿನಿಯರಾಗಿದ್ದಾನೆ. ನಮ್ಮ ಕರಾವಳಿಯ ಗಂಗೊಳ್ಳಿಯ ಹೊಳೆದಂಡೆಯಲ್ಲಿ ಹುಟ್ಟಿ, ಶಾಲೆಗೆ ಹೋಗುವುದಕ್ಕೂ ದೋಣಿ ದಾಟಿದ ಈ ಹುಡುಗ, ವಾರದಲ್ಲಿ ಎರಡು ಮೂರು ದಿನ ಕಚೇರಿ ಬಿಟ್ಟೊಡನೆ ಕಾರಿನ ಮೇಲೆ ದೋಣಿಯನ್ನು ಬಿಗಿದುಕೊಂಡು ಸಮುದ್ರಕ್ಕೆ ಓಡುತ್ತಾನೆ. ಹಾಗೆ ಓಡುವವರು ಅಲ್ಲಿ ಅವನೊಬ್ಬನೇ ಅಲ್ಲ.

ಕಡಲಗಾಳಿಯೆಂದ ಮೇಲೆ ಅದು ಕಡಲಿನಿಂದ ನೆಲದ ಕಡೆಗೆ ಬೀಸಬೇಕು. ತೀರದ ಉದ್ದಕ್ಕೆ ಬೀಸುವುದೆಂತು ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ನೀರು ಬೇಗ ಕಾಯುವುದಿಲ್ಲ. ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇರಿದಾಗ ಅಲ್ಲಿ ಒತ್ತಡ ಇಳಿದು, ಸಮುದ್ರದ ಮೇಲಿನ ತಂಪುಗಾಳಿ ಆ ತೆರವಿಗೆ ನುಗ್ಗುತ್ತದೆ. ಇಷ್ಟನ್ನು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಹೀಗೆ ನುಗ್ಗಿದ ಗಾಳಿ ಗಂಟೆಗಟ್ಟಲೆ ಬೀಸುತ್ತಿರುವಲ್ಲಿ, ಭೂಮಿಯ ಭ್ರಮಣದ ಪ್ರಭಾವಕ್ಕೆ ಒಳಗಾಗಿ, ಭೂಮಧ್ಯರೇಖೆಯ ತೆಂಕಣ ನಾಡುಗಳಲ್ಲಿ ತನ್ನ ಎಡಕ್ಕೂ, ಬಡಗಣ ನಾಡುಗಳಲ್ಲಿ ತನ್ನ ಬಲಕ್ಕೂ ಮೆಲ್ಲಮೆಲ್ಲನೆ ತಿರುಗುತ್ತದೆ. ಇದಲ್ಲದೆ ಬೇಸಗೆಯಲ್ಲಿ ಆ ತೀರದ ಉದ್ದಕ್ಕೂ ಬಿಸಿಯಿಂದುಂಟಾದ ಕಡಿಮೆ ಒತ್ತಡದ ಒಂದು ಪಟ್ಟಿ ಹಬ್ಬಿಕೊಂಡಿರುವುದರಿಂದ, ಅಲ್ಲಿಯ ಸಾಮಾನ್ಯ ಗಾಳಿಯೂ ದಕ್ಷಿಣದ ಕಡೆಯಿಂದಲೇ ಬೀಸಲು ಒಲಿಯುತ್ತದೆ. ಎರಡೂ ಕೂಡಿದಾಗ ಡಾಕ್ಟರು ನೇರ ಪಶ್ಚಿಮದಿಂದ ಬರುವ ಬದಲು ದಕ್ಷಿಣ ನೈಋತ್ಯದಿಂದ, ತೀರಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ, 15ರಿಂದ 20 ನಾಟ್ ವೇಗದಲ್ಲಿ, ಎಂದರೆ ಗಂಟೆಗೆ ಸುಮಾರು 28ರಿಂದ 37 ಕಿಲೋಮೀಟರಿನಂತೆ ಬೀಸುತ್ತಾರೆ. ಕೆಲವು ದಿನ ಅದಕ್ಕೂ ಮಿಗಿಲು. ನಮ್ಮ ಹಿರಿಯರು ನೈಋತ್ಯ ದಿಕ್ಕನ್ನು ನಿರ್ಋತಿಗೆ ಒಪ್ಪಿಸಿ ಆ ಮೂಲೆಯಿಂದ ಒಳ್ಳೆಯದೇನೂ ಬಾರದೆಂದು ನಂಬಿದ್ದರು. ಪರ್ತಿನವರಿಗೆ ಬೇಸಗೆಯ ಆರೋಗ್ಯವೆಲ್ಲ ಆ ಮೂಲೆಯಿಂದಲೇ ಬರುತ್ತದೆ.

ಇನ್ನು ದೋಣಿ. ಸರ್ಫ್‌ಸ್ಕೀ ಎಂದು ಅದರ ಹೆಸರು. 1912ರಲ್ಲಿ ಆಸ್ಟ್ರೇಲಿಯಾದ ಪೂರ್ವತೀರದ ಪೋರ್ಟ್ ಮಕ್ವಾರಿಯಲ್ಲಿ ಸಿಂಪಿಗಳನ್ನು ಬೆಳೆಸುತ್ತಿದ್ದ ಮೆಕ್‌ಲಾರೆನ್ ಎಂಬ ಅಣ್ಣತಮ್ಮಂದಿರು ತಮ್ಮ ಕೆಲಸದ ಅನುಕೂಲಕ್ಕೆ ಮಾಡಿಕೊಂಡ ಮರದ ತೇಲುವ ಸಾಧನವೇ ಇದರ ಮೂಲವೆನ್ನುತ್ತಾರೆ. ಈಗಿನದು ಆರು ಮೀಟರಿಗಿಂತ ಉದ್ದವಾಗಿ, ಅರ್ಧ ಮೀಟರು ಅಗಲವೂ ಇಲ್ಲದ, ಸೂಜಿಯಂತಹ ವಸ್ತು. ಒಬ್ಬನೇ ಹೆಗಲಮೇಲೆ ಹೊತ್ತು ನಡೆಯುವಷ್ಟು ಹಗುರ. ಕುಳಿತುಕೊಳ್ಳುವುದಕ್ಕೆ ಒಳಗೆ ಹೊಟ್ಟೆಯಿಲ್ಲ; ಮೇಲುಮೈಯಲ್ಲಿ ಸೌಟಿನ ಗುಳಿಯಂತೆ ತೋಡಿದ ಒಂದು ಆಸನ, ಕಾಲಿನ ಬಳಿ ಚುಕ್ಕಾಣಿಯನ್ನು ತಿರುಗಿಸುವ ಎರಡು ಮೆಟ್ಟು. ಹುಟ್ಟಿಗೆ ಎರಡು ತುದಿಗಳಲ್ಲಿಯೂ ಅಲಗು. ನಮ್ಮ ಪಾತಿದೋಣಿಯಲ್ಲಿ ಹಾಯಾಗಿ ಚಕ್ಕಳಮಕ್ಕಳ ಹಾಕಿ ಕುಳಿತ ನನ್ನಂಥವನಿಗೆ, ನಿಂತ ನೀರಿನಲ್ಲಿಯೂ ಇದರ ಮೇಲೆ ಕುಳಿತಿರುವುದೆಂದರೆ ತಂತಿಯ ಮೇಲೆ ಕುಳಿತಂತೆಯೇ ಸರಿ. ಆದುದರಿಂದ ನನ್ನ ಅಳಿಯ ನನಗಾಗಿ ಇಬ್ಬರು ಕೂಡುವ ದೋಣಿಯೊಂದನ್ನು ಗೆಳೆಯರಿಂದ ಕೇಳಿ ತಂದಿದ್ದ. ಚುಕ್ಕಾಣಿಯನ್ನು ತಾನಿಟ್ಟುಕೊಂಡು ಮುಂದೆ ಕುಳಿತ. ಹಿಂದಿನ ಆಸನ ನನ್ನದಾಯಿತು.

ಜನವರಿಯ ಮಧ್ಯಭಾಗದ ಒಂದು ಶನಿವಾರ. ಬೆಳಗ್ಗೆಯೇ ಒಂದು ಕಾರನ್ನು ಉತ್ತರದ ಸೊರೆಂಟೋ ಕಡಲತಡಿಯಲ್ಲಿ ನಿಲ್ಲಿಸಿ ಬಂದು, ಫ್ರೀಮ್ಯಾಂಟಲ್ ರೇವಿನ ಮಗ್ಗುಲಲ್ಲಿರುವ ಲೇಟನ್ ಮರಳದಂಡೆಯಲ್ಲಿ ಕಾದು ಕುಳಿತೆವು. ಗಾಳಿ ಇನ್ನೂ ಪೂರ್ವದ್ದೇ. ನೀರು ಎಣ್ಣೆಯಂತೆ ಮಲಗಿತ್ತು. ದೂರದಲ್ಲಿ ರಾಟ್‌ನೆಸ್ಟ್ ದ್ವೀಪ ಬಿಸಿಲಿನಲ್ಲಿ ಮಸುಕಾದ ಗೆರೆಯಾಗಿ ಕಾಣುತ್ತಿತ್ತು. ಆ ನೆಲದ ಮೂಲನಿವಾಸಿಗಳಾದ ನೂಂಗಾರ್ ಜನ ವಾಡ್ಜಮಪ್ ಎಂದು ಕರೆಯುವ ಆ ದ್ವೀಪಕ್ಕೆ, 1696ರಲ್ಲಿ ಬಂದ ಡಚ್ ನಾವಿಕ ವಿಲೆಮ್ ಡ ವ್ಲಾಮಿಂಗ್, ಅಲ್ಲಿಯ ಕ್ವೊಕ್ಕಾ ಎಂಬ ಪುಟ್ಟ ಪ್ರಾಣಿಗಳನ್ನು ಹೆಗ್ಗಣಗಳೆಂದು ಭ್ರಮಿಸಿ, ಹೆಗ್ಗಣಗಳ ಗೂಡೆಂದು ಹೆಸರಿಟ್ಟ. ಒಂದೂಕಾಲು ಗಂಟೆಗೆ ಎಲ್ಲವೂ ಒಮ್ಮೆಗೇ ನಿಂತಂತಾಯಿತು. ನೊಣಗಳೂ ಇಲ್ಲ, ಗಾಳಿಯೂ ಇಲ್ಲ. ಕಂಬದ ಮೇಲಿನ ಬಾವುಟ ಬಟ್ಟೆಯಂತೆ ಜೋತುಬಿತ್ತು. ಅಷ್ಟರಲ್ಲಿ ತೆಂಕಣ ದಿಗಂತದಲ್ಲಿ ನೀಲಿಯ ಮೇಲೆ ಕಡುನೀಲಿಯ ಒಂದು ಗೀಟು ಮೂಡಿ, ಹತ್ತಿರಕ್ಕೆ ಬಂದಂತೆಲ್ಲ ಅದರಲ್ಲಿ ಬಿಳಿಯ ಚುಕ್ಕೆಗಳು ಎದ್ದು ಅಡಗಿ ಎದ್ದು ಅಡಗಿ, ಬಾವುಟ ಒಂದು ಸಲ ಕೊಡವಿಕೊಂಡು ಬೇರೆ ಕಡೆಗೆ ಮುಖ ಮಾಡಿತು.

"ಮಾವ, ಗಾಳಿ ಬಂತ್ ಕಾಣಿ" ಎಂದ ಹುಡುಗ.

ಆದರೆ ಅವನು ಕೂಡಲೇ ಹೊರಡಲಿಲ್ಲ. ಗಾಳಿ ಬಂದ ಕ್ಷಣವೇ ಸಮುದ್ರ ಸಿದ್ಧವಾಗುವುದಿಲ್ಲ. ಅದು ಒಂದೆರಡು ಗಂಟೆ ಬೀಸಿ, ನೀರನ್ನು ಉತ್ತು, ಅಲೆಗಳಿಗೆ ಎತ್ತರವನ್ನೂ ಉದ್ದವನ್ನೂ ಕೊಟ್ಟ ಮೇಲೆಯೇ ಇಳಿಯಬೇಕು. ದಕ್ಷಿಣ ಸಾಗರದಿಂದ ಬರುವ ದೊಡ್ಡ ತೆರೆಗಳ ಬಲವನ್ನು ರಾಟ್‌ನೆಸ್ಟ್ ದ್ವೀಪವೂ ಸುಣ್ಣಕಲ್ಲಿನ ಬಂಡೆಸಾಲುಗಳೂ ಬಹುಮಟ್ಟಿಗೆ ಮುರಿಯುವುದರಿಂದ, ತೀರದ ಬಳಿಯ ನೀರಿನಲ್ಲಿ ಏಳುವ ಅಲೆಗಳಲ್ಲಿ ಬಹುಪಾಲು ಆ ಮಧ್ಯಾಹ್ನದ ಗಾಳಿಯದೇ ಸ್ವಂತ ಸೃಷ್ಟಿ. ಮೂರೂವರೆಗೆ ನಾವು ಲೈಫ್‌ಜಾಕೆಟ್ಟು ತೊಟ್ಟು, ದೋಣಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿಯನ್ನು ಕಾಲಿಗೆ ಬಿಗಿದು, ಎಲ್ಲಿಂದ ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ತಲಪಬೇಕು ಎಂಬುದನ್ನು ಅವನ ಹೆಂಡತಿಗೆ ಫೋನಿನಲ್ಲಿ ತಿಳಿಸಿ, ನೀರಿಗಿಳಿದೆವು. ಶಾರ್ಕುಗಳಿಲ್ಲವೆ ಎಂದು ಕೇಳುವವರಿಗೆ ಉತ್ತರವಿದು: ಇವೆ. ಹೆಲಿಕಾಪ್ಟರುಗಳು ಮೇಲಿಂದ ಕಾವಲು ತಿರುಗುತ್ತಿರುತ್ತವೆ. ಅದಕ್ಕಿಂತ ಹೆಚ್ಚಿಗೆ ಯೋಚಿಸಿದವನು ನೀರಿಗಿಳಿಯಲಾರ.

ಬೆನ್ನ ಹಿಂದಿನ ಗಾಳಿ ದೋಣಿಯನ್ನು ತಾನೇ ತಳ್ಳಿಕೊಂಡು ಹೋಗುತ್ತದೆಂದು ನಾನು ತಿಳಿದಿದ್ದೆ. ಇದು ಹಾಯಿ ಕಟ್ಟಿದವರ ತಿಳಿವಳಿಕೆ. ಹಾಯಿಯಿಲ್ಲದ ಕಿರುದೋಣಿಗೆ ಗಾಳಿಯಿಂದ ದೊರೆಯುವ ನೇರ ನೆರವು ಅಲ್ಪ. ಗಾಳಿ ಅಲೆಯನ್ನು ಎಬ್ಬಿಸುತ್ತದೆ, ಅಲೆ ದೋಣಿಯನ್ನು ಒಯ್ಯುತ್ತದೆ. ಮತ್ತು ಅಲೆ ಕೂಡ ಒಯ್ಯುವುದು ಕೇಳಿದವರಿಗೆ ಮಾತ್ರ. ದೋಣಿಯ ಹಿಂಭಾಗ ಸ್ವಲ್ಪ ಎದ್ದಿತೆನ್ನುವಷ್ಟರಲ್ಲಿ ನಾಲ್ಕಾರು ಬಾರಿ ಹುಟ್ಟನ್ನು ಬಲವಾಗಿ ಎಳೆದರೆ, ಮೂತಿ ಮುಂದಿನ ತಗ್ಗಿಗೆ ಬಾಗಿ, ಇಳಿಜಾರಿನಲ್ಲಿ ಬಿಟ್ಟ ಸೈಕಲಿನಂತೆ ದೋಣಿ ತಾನಾಗಿ ಜಾರತೊಡಗುತ್ತದೆ. ಎದೆಯ ಎರಡೂ ಮಗ್ಗುಲಿಗೆ ನೀರು ರೆಕ್ಕೆಯಂತೆ ಹಾರುತ್ತದೆ. ಹುಟ್ಟನ್ನು ಮಡಿಲಲ್ಲಿಟ್ಟು ಕುಳಿತರೂ ಓಟ ನಿಲ್ಲುವುದಿಲ್ಲ. ಆ ಎಳೆತ ಅರ್ಧ ಕ್ಷಣ ತಡವಾದರೆ ಅಲೆ ಅಡಿಯಿಂದ ನುಸುಳಿ ಮುಂದೆ ಹೋಗಿ, ನಾವು ಅದರ ಬೆನ್ನಿನ ಏರಿನಲ್ಲಿ ತಿಣುಕುತ್ತ ಉಳಿಯುತ್ತೇವೆ.

ನಾನು ಮಾಡಿದ್ದು ಈ ಎರಡನೆಯದನ್ನೇ. ನನ್ನ ಮುಂದೆ ಬಿಳಿಯ ತಲೆಯೆತ್ತಿ ಓಡುತ್ತಿದ್ದ ದೊಡ್ಡ ಅಲೆಯೊಂದರ ಮೇಲೆ ಕಣ್ಣು ನೆಟ್ಟು, ಅದನ್ನು ಹಿಡಿದೇ ತೀರುತ್ತೇನೆಂದು ತೋಳು ಸೋಲುವವರೆಗೆ ಹುಟ್ಟು ಹಾಕಿದೆ. ಮುಂದೆ ಕುಳಿತವನಿಗೆ ಹಿಂದಿನವನ ಮೂರ್ಖತನ ದೋಣಿಯ ನಡುಕದಿಂದಲೇ ತಿಳಿಯುತ್ತದೆಂದು ಕಾಣುತ್ತದೆ.

"ಗುಡ್ಡಿ ಕಾಂಬುದ್ ಬ್ಯಾಡ ಮಾವ, ಹೊಂಡ ಕಾಣಿ!" ಎಂದು ಕೂಗಿದ.

ಗುಡ್ಡವನ್ನು ನೋಡಬೇಡ, ಹೊಂಡವನ್ನು ನೋಡು. ಈ ವಿದ್ಯೆಯ ಶಾಸ್ತ್ರವೆಲ್ಲ ಇದರಲ್ಲಿದೆಯೆಂದು ಆಮೇಲೆ ತಿಳಿಯಿತು. ನಾಲ್ಕು ಸೆಕೆಂಡಿಗೊಂದರಂತೆ ಬರುವ ಅಲೆಗಳು ಆಳದ ನೀರಿನಲ್ಲಿ ಗಂಟೆಗೆ ಸುಮಾರು 22 ಕಿಲೋಮೀಟರು ವೇಗದಲ್ಲಿ ಓಡುತ್ತವೆ. ಐದು ಸೆಕೆಂಡಿಗೊಂದರಂತೆ ಬರುವವು 28ರ ವೇಗದಲ್ಲಿ. ಪಳಗಿದ ಮನುಷ್ಯ ತನ್ನ ತೋಳಿನ ಬಲದಿಂದ ಈ ದೋಣಿಯನ್ನು ಬಹುಹೊತ್ತು ಓಡಿಸಬಲ್ಲುದು ಹನ್ನೊಂದು ಹನ್ನೆರಡು ಕಿಲೋಮೀಟರು ವೇಗದಲ್ಲಿ. ಹೀಗಿರುವಲ್ಲಿ ಮುಂದೆ ಹೋದ ಅಲೆಯನ್ನು ಬೆನ್ನಟ್ಟಿ ಹಿಡಿಯುವೆನೆಂಬುದು ಬಸ್ಸಿನ ಹಿಂದೆ ಓಡಿದಂತೆ. ಇದಕ್ಕಿಂತ ವಿಚಿತ್ರವಾದ ಇನ್ನೊಂದು ಸಂಗತಿಯುಂಟು. ಅಲೆಗಳು ಒಂಟಿಯಾಗಿ ಬರುವುದಿಲ್ಲ, ತಂಡ ಕಟ್ಟಿಕೊಂಡು ಬರುತ್ತವೆ. ಮತ್ತು ಆಳದ ನೀರಿನಲ್ಲಿ ತಂಡದ ವೇಗ ಬಿಡಿ ಅಲೆಯ ವೇಗದ ಅರ್ಧವಷ್ಟೆ. ರಥೋತ್ಸವದ ಮೆರವಣಿಗೆಯಲ್ಲಿ ಹಿಂದಿನ ಹುಡುಗರು ಜನರ ನಡುವೆ ನುಸುಳಿ ನುಸುಳಿ ಮುಂದಕ್ಕೆ ಓಡಿ, ತುದಿ ತಲಪಿದವರು ಎಲ್ಲೋ ಕಾಣೆಯಾಗಿ, ಹಿಂದೆ ಹೊಸ ಹುಡುಗರು ಸೇರಿಕೊಳ್ಳುತ್ತಿದ್ದರೂ ಮೆರವಣಿಗೆ ತನ್ನ ನಿಧಾನದಲ್ಲೇ ಸಾಗುವಂತೆ, ಪ್ರತಿಯೊಂದು ಅಲೆಯೂ ತಂಡದ ಹಿಂಗಡೆ ಹುಟ್ಟಿ, ನಡುವಿನಲ್ಲಿ ತುಂಬಿ ಬೆಳೆದು, ಮುಂಚೂಣಿಗೆ ಬರುವಷ್ಟರಲ್ಲಿ ಕರಗಿಹೋಗುತ್ತದೆ. ನಾನು ಕಣ್ಣು ನೆಟ್ಟಿದ್ದ ಆ ಬಿಳಿತಲೆಯ ಅಲೆ ನೋಡನೋಡುತ್ತಿದ್ದಂತೆಯೇ ಇಲ್ಲವಾಯಿತು. ಅದು ಇದ್ದ ಕಡೆ ನೀರು ಸುಮ್ಮನೆ ಉಸಿರಾಡುತ್ತಿತ್ತು.

ಆದುದರಿಂದ ಬಲ್ಲವನು ಯಾವ ಅಲೆಯನ್ನೂ ನೆಚ್ಚುವುದಿಲ್ಲ. ಒಂದರ ಮೇಲೆ ಜಾರುತ್ತಿರುವಾಗಲೇ ಅವನ ಕಣ್ಣು ಮುಂದೆ ಎಡಕ್ಕೋ ಬಲಕ್ಕೋ ಎಲ್ಲಿ ನೀರು ತಗ್ಗುತ್ತಿದೆ, ಎಲ್ಲಿ ಕಪ್ಪಗೆ ಗುಳಿ ಬೀಳುತ್ತಿದೆ ಎಂದು ಅರಸುತ್ತಿರುತ್ತದೆ. ಏಕೆಂದರೆ ಹೊಂಡವಿದ್ದಲ್ಲಿ ಅದರ ಹಿಂದೆ ಅಲೆಯ ಇಳಿಜಾರು ಇದ್ದೇ ಇರಬೇಕು. ಇದ್ದ ಓಟ ಮುಗಿಯುವ ಮುನ್ನವೇ ಚುಕ್ಕಾಣಿಯನ್ನು ತುಸು ಒತ್ತಿ, ಆ ಗುಳಿಯೊಳಕ್ಕೆ ಮೂತಿಯನ್ನು ಹೊರಳಿಸಿ, ಒಂದೆರಡು ಎಳೆತದಲ್ಲಿ ಮುಂದಿನ ಓಟವನ್ನು ದಕ್ಕಿಸಿಕೊಳ್ಳುತ್ತಾನೆ. ಹೀಗೆ ಅಲೆಯಿಂದ ಅಲೆಗೆ ದಾಟುತ್ತ ಹೋಗುವ ದೋಣಿಯ ಸರಾಸರಿ ವೇಗವನ್ನು ಲೆಕ್ಕ ಹಾಕಿದರೆ, ಅದು ಬಿಡಿ ಅಲೆಯ ವೇಗವನ್ನಲ್ಲ, ಹೆಚ್ಚುಕಡಿಮೆ ತಂಡದ ವೇಗವನ್ನೇ ಹೋಲುತ್ತದೆ. ಈ ಲೆಕ್ಕವನ್ನು ಹುಡುಗ ಅಂದು ರಾತ್ರಿ ಊಟದ ಮೇಜಿನ ಮೇಲೆ ಕಾಗದದಲ್ಲಿ ಬರೆದು ತೋರಿಸಿದಾಗ ನನಗೆ ಆದ ಸಂತೋಷ ನೀರಿನಲ್ಲಾದ ಸಂತೋಷಕ್ಕೆ ಕಡಿಮೆಯದಾಗಿರಲಿಲ್ಲ.

ನೀರಿನಲ್ಲಾದುದು ಸಂತೋಷವೊಂದೇ ಅಲ್ಲವೆಂಬುದನ್ನೂ ಹೇಳಿಬಿಡಬೇಕು. ಬಲಗಡೆ ಕಾಟೆಸ್ಲೋದ ನಾರ್ಫೋಕ್ ಪೈನ್ ಮರಗಳು ಹಿಂದೆ ಸರಿದು, ಸಿಟಿ ಬೀಚಿನ ಎದುರಿಗೆ ಬಂದಾಗ, ಎರಡು ಒಳ್ಳೆಯ ಓಟಗಳು ಒಂದರ ಹಿಂದೊಂದು ದೊರೆತ ಗರ್ವದಲ್ಲಿ ನಾನು ತೀರವನ್ನು ನೋಡಲೆಂದು ಕತ್ತು ತಿರುಗಿಸಿದೆ. ಅಷ್ಟೇ ಸಾಕಾಯಿತು. ದೋಣಿ ಅಲೆಗೆ ಅಡ್ಡವಾಗಿ ಹೊರಳಿ ಇಬ್ಬರನ್ನೂ ನೀರಿಗೆ ಇಳಿಸಿತು. ಉಪ್ಪುನೀರು ಕುಡಿದು, ಕಾಲಿನ ಹಗ್ಗದ ಆಧಾರದಿಂದ ದೋಣಿಯನ್ನು ಎಳೆದುಕೊಂಡು, ಹೊಟ್ಟೆಯನ್ನು ಅದರ ಮೇಲೆ ಅಡ್ಡಹಾಕಿ ಆಮೆಯಂತೆ ಹತ್ತುವಷ್ಟರಲ್ಲಿ ಎರಡು ಸಲ ಮತ್ತೆ ಬಿದ್ದೆ. ಹುಡುಗ ದೋಣಿಯನ್ನು ಹಿಡಿದು ನಿಲ್ಲಿಸಿದ್ದನೇ ಹೊರತು ನನ್ನನ್ನು ಎತ್ತಲಿಲ್ಲ. ಹತ್ತುವುದನ್ನು ಒಂಟಿಯಾಗಿ ಬಲ್ಲವನೇ ಇಲ್ಲಿಗೆ ಬರಬೇಕೆಂಬುದು ಈ ಆಟದವರ ನಿಯಮವಂತೆ. ನನ್ನನ್ನು ಹಿಂದಿನ ದಿನವೇ ನದಿಯಲ್ಲಿ ಹತ್ತು ಸಲ ಬೀಳಿಸಿ ಹತ್ತಿಸಿದ್ದ. ಹತ್ತಿ ಕುಳಿತು ನೋಡುವಾಗ, ಗಾಳಿ ನಮ್ಮನ್ನು ಆ ಕೆಲವು ನಿಮಿಷಗಳಲ್ಲಿ ಕಾಲು ಕಿಲೋಮೀಟರಿನಷ್ಟು ಉತ್ತರಕ್ಕೆ ಸಾಗಿಸಿತ್ತು. ಬಿದ್ದವನನ್ನೂ ಗುರಿಯ ಕಡೆಗೇ ನೂಕುವ ಗಾಳಿ ಅದು. ಸ್ಕಾರ್ಬರೋ ದಾಟಿ, ಟ್ರಿಗ್ಗಿನ ಬಂಡೆಗಳ ಹೊರಗಿನಿಂದ ಸುತ್ತಿ, ಲೇಟನ್ನಿನಿಂದ ಇಪ್ಪತ್ತು ಕಿಲೋಮೀಟರಿಗೂ ಮಿಗಿಲು ದೂರದ ಸೊರೆಂಟೋ ತಲಪಿದಾಗ ಗಂಟೆ ಐದು ಮುಕ್ಕಾಲು ಮೀರಿತ್ತು. ಅದೇ ಸೊರೆಂಟೋಗೆ ರಾಟ್‌ನೆಸ್ಟ್ ದ್ವೀಪದಿಂದ ಪ್ರತಿ ವರ್ಷ ನಡೆಯುವ ಸುಮಾರು 27 ಕಿಲೋಮೀಟರಿನ ಪಂದ್ಯಕ್ಕೂ ಡಾಕ್ಟರೆಂದೇ ಹೆಸರು. ಅದರಲ್ಲಿ ಮೊದಲು ಬರುವವರು ಎರಡು ಗಂಟೆಯನ್ನೂ ತೆಗೆದುಕೊಳ್ಳುವುದಿಲ್ಲ.

ಮರಳಿನ ಮೇಲೆ ದೋಣಿಯನ್ನು ಮಗುಚಿಟ್ಟು ಕುಳಿತಾಗ ನನಗೆ ಗಂಗೊಳ್ಳಿಯ ಅಳಿವೆಯ ನೆನಪಾಯಿತು. ಯಂತ್ರದ ದೋಣಿಗಳು ಹೆಚ್ಚುವ ಮೊದಲು ನಮ್ಮ ಕಡೆಯ ಮೀನುಗಾರರು ನಸುಕಿನಲ್ಲಿ ನೆಲಗಾಳಿಯನ್ನು ಹಿಡಿದು ಕಡಲಿಗೆ ಹೋಗಿ, ಮಧ್ಯಾಹ್ನದ ಕಡಲಗಾಳಿಗೆ ಹಾಯಿ ಬಿಚ್ಚಿ ಹಿಂದಿರುಗುತ್ತಿದ್ದರು. ಅಳಿವೆಯ ಬಾಯಲ್ಲಿ ತೆರೆ ಒಡೆಯುತ್ತಿದ್ದರೆ ಹೊರಗೆಯೇ ನಿಂತು, ಹಿಂದುಗಡೆ ಕುಳಿತ ಹಿರಿಯ ತಿರುಗಿ ತಿರುಗಿ ನೋಡುತ್ತ, ದೊಡ್ಡ ತೆರೆಗಳನ್ನು ಬಿಟ್ಟುಕೊಟ್ಟು, ಕೊನೆಯದೊಂದರ ಬೆನ್ನಿಗೆ ಅಂಟಿಕೊಂಡಂತೆ ದೋಣಿಯನ್ನು ಒಳಕ್ಕೆ ತರುತ್ತಿದ್ದ. ಆಳವಿಲ್ಲದ ಕಡೆ ತೆರೆಯ ಮುಖಕ್ಕೆ ಸಿಕ್ಕ ದೋಣಿ ಮಗುಚುತ್ತದೆ. ಅಲ್ಲಿ ತೆರೆಯ ಬೆನ್ನೇ ಕ್ಷೇಮ. ಆಳದ ಕಡಲಿನಲ್ಲಿ ಅದರ ಮುಖವೇ ಮಾರ್ಗ. ನನ್ನ ಬಾಲ್ಯದ ಆ ಹಿರಿಯ ಹಿಂದೆ ನೋಡುವುದನ್ನು ಕಲಿತಿದ್ದ. ನನ್ನ ಅಳಿಯ ಮುಂದೆ ನೋಡುವುದನ್ನು ಕಲಿತಿದ್ದಾನೆ. ಇಬ್ಬರೂ ಓದುತ್ತಿದ್ದುದು ಒಂದೇ ನೀರನ್ನು. ಒಬ್ಬನಿಗೆ ಅದು ಮನೆಗೆ ಬರುವ ದಾರಿ, ಇನ್ನೊಬ್ಬನಿಗೆ ಶನಿವಾರದ ಆಟ ಎಂಬ ಭೇದವನ್ನು ನಾನು ಮರೆತಿಲ್ಲ.

ಪರ್ತಿನ ತೀರಕ್ಕೂ ನಮ್ಮ ತೀರಕ್ಕೂ ಇನ್ನೊಂದು ಸಂಬಂಧವುಂಟು. ಎರಡೂ ಪಶ್ಚಿಮ ತೀರಗಳು, ಎರಡರ ಮುಂದೆಯೂ ಹಿಂದೂ ಮಹಾಸಾಗರದ ನೀರು. ಆದರೆ ನಾವು ಭೂಮಧ್ಯರೇಖೆಯ ಈಚೆಗಿರುವುದರಿಂದ ನಮ್ಮ ಕಡಲಗಾಳಿ ತನ್ನ ಬಲಕ್ಕೆ ತಿರುಗುತ್ತದೆ. ಅಲ್ಲಿ ನೈಋತ್ಯದಿಂದ ಬಂದು ಉತ್ತರಕ್ಕೆ ಓಡುವ ಗಾಳಿ, ಇಲ್ಲಿ ಮಾರ್ಚಿನಿಂದ ಮೇ ತಿಂಗಳವರೆಗಿನ ಮಧ್ಯಾಹ್ನಗಳಲ್ಲಿ ವಾಯವ್ಯದಿಂದ ಬಂದು ದಕ್ಷಿಣಕ್ಕೆ ಓಡುತ್ತದೆ. ಕನ್ನಡಿಯಲ್ಲಿ ಕಂಡ ಬಿಂಬದಂತೆ. ವಾಯುವಿನ ದಿಕ್ಕಿನಿಂದಲೇ ನಮಗೆ ಬೇಸಗೆಯ ಗಾಳಿ ಬರುವುದಾದರೂ ಅದಕ್ಕೆ ನಾವು ಡಾಕ್ಟರೆಂದಾಗಲಿ ಪಂಡಿತನೆಂದಾಗಲಿ ಹೆಸರಿಟ್ಟಿಲ್ಲ. ಸೆಕೆಯನ್ನು ಬೈಯುವುದರಲ್ಲಿಯೇ ನಮ್ಮ ಬೇಸಗೆ ಕಳೆದುಹೋಗುತ್ತದೆ.

ಕರಾವಳಿಯ ಶ್ರೋತೃಗಳಲ್ಲಿ ಯಾರಿಗಾದರೂ ಬಿಡುವಿದ್ದರೆ, ಏಪ್ರಿಲ್ ತಿಂಗಳ ಒಂದು ಸಂಜೆ ನಾಲ್ಕರ ಹೊತ್ತಿಗೆ ಮರವಂತೆಯಲ್ಲಿ, ಒಂದು ಕಡೆ ಸೌಪರ್ಣಿಕಾ ನದಿ ಇನ್ನೊಂದು ಕಡೆ ಸಮುದ್ರವಿರುವ ಆ ಹೆದ್ದಾರಿಯ ಬದಿಯಲ್ಲಿ ನಿಂತು, ಸೂರ್ಯನ ಕಡೆಗಲ್ಲದೆ ಸ್ವಲ್ಪ ಬಲಕ್ಕೆ, ಬೈಂದೂರಿನ ದಿಕ್ಕಿಗೆ ನೋಡಿರಿ. ಅಲೆಗಳು ನೇರವಾಗಿ ಬಾರದೆ ಓರೆಯಾಗಿ, ಕುಂದಾಪುರದ ಕಡೆಗೆ ಓಡುತ್ತಿರುವುದು ಕಾಣುತ್ತದೆ. ನೋಡಿ ಸುಮ್ಮನಿರಲಾರದೆ ದೋಣಿ ಇಳಿಸುವ ಎಳೆಯರಿದ್ದರೆ ಅವರಲ್ಲಿ ಒಂದೇ ವಿನಂತಿ: ಲೈಫ್‌ಜಾಕೆಟ್ಟಿಲ್ಲದೆ ಇಳಿಯಬೇಡಿ, ಒಂಟಿಯಾಗಿ ಇಳಿಯಬೇಡಿ, ಮಳೆಗಾಲ ಹತ್ತಿರವಾದ ಮೇಲೆ ಸರ್ವಥಾ ಇಳಿಯಬೇಡಿ.